ಟಾವೆಲ್ ಕೆಳಗಿನ ಕೈ

ಕುಣಿಕೋಣೂರಿನ ಶಿದ್ರಾಯ ಬಾಯಿಂದ ಆಡಿದ ಮಾತಿಗೆ ಊರಿನಲ್ಲಿ ಯಾರೂ ಅಷ್ಟಾಗಿ ಬೆಲೆ ಕೊಡುತ್ತಿರಲಿಲ್ಲ. ಅದಕ್ಕೆ ಅವನಿಗೂ ಬೇಸರವಿರಲಿಲ್ಲ, ಅವನೇ ಕೊಡುತ್ತಿರಲಿಲ್ಲ. ಅವನ ನಿಜವಾದ ಮಾತೆಲ್ಲ ಬಲಗೈಯಲ್ಲಿತ್ತು. ಉಮದಿ ಸಂತೆಯಲ್ಲಿ, ಬೇವಿನ ಮರದ ಕೆಳಗಿನ ಕಲ್ಲಿನ ಮೇಲೆ ಕೂತು ಕುರಿ ದಲಾಲಿ ಮಾಡುವುದು ಅವನ ಕಸುಬು. ಅವನಿಗಿಂತ ಮೊದಲು ಆ ಕಲ್ಲಿನ ಮೇಲೆ ಅವನ ಅಪ್ಪ ಕೂರುತ್ತಿದ್ದ. ವ್ಯಾಪಾರಕ್ಕೆ ಬಂದವನ ಕೈಯನ್ನು ಹೆಗಲ ಮೇಲಿನ ಟಾವೆಲ್ಲಿನ ಅಡಿಗೆ ಎಳೆದುಕೊಂಡು, ಬೆರಳು ಹಿಡಿದು, ಬೆರಳು ಮಡಚಿ, ಅರ್ಧ ಬೆರಳು ಒತ್ತಿ ದರ ಹೇಳುವುದು ಈ ಕಡೆಯ ಹಳೆಯ ಪದ್ಧತಿ. ಸುತ್ತ ನಿಂತವರಿಗೆ ಕಾಣುವುದು ಎರಡು ಮುಖ, ಒಂದು ಟಾವೆಲ್, ಅಷ್ಟೇ. ಯಾವ ಬೆರಳಿಗೆ ಎಷ್ಟು ಎಂಬುದನ್ನು ಇಲ್ಲಿ ಬರೆಯುವಂತಿಲ್ಲ. ಬರೆದರೆ ಬೆನ್ನ ಮೇಲೆ ಬಿದ್ದೀತು, ಶಿದ್ರಾಯನ ಎಡಗೈ ಈಗಲೂ ಗಟ್ಟಿಯಾಗಿದೆ, ಕೋಲೂ ಅದರಲ್ಲೇ ಇದೆ.

ಇಂಥ ಬಲಗೈಗೇ ಲಕ್ವಾ ಹೊಡೆಯಿತು. ಒಂದು ಬೆಳಿಗ್ಗೆ ಚಹಾದ ಬಸಿ ಕೈಯಿಂದ ಜಾರಿತು, ಬಾಯಿ ಒಂದು ಕಡೆಗೆ ಎಳೆಯಿತು. ಮಗಳು ಸೋನಾಲಿ ಯಾರನ್ನೂ ಕೇಳುತ್ತ ಕೂರದೆ ಜೀಪು ತರಿಸಿ ಸೀದಾ ಮಿರಜಿನ ದವಾಖಾನೆಗೆ ಒಯ್ದಳು. ತಡಮಾಡದೆ ಒಯ್ದದ್ದಕ್ಕೆ ಜೀವ ಉಳಿಯಿತು. ಬಾಯಿ ನೆಟ್ಟಗಾಯಿತು, ಕಾಲು ಕೋಲಿನ ಆಸರೆಯಲ್ಲಿ ಹೆಜ್ಜೆ ಹಾಕಿತು. ಬಲಗೈ ಮಾತ್ರ ಮದುವೆ ಮನೆಯಲ್ಲಿ ಮುನಿಸಿಕೊಂಡ ಬೀಗನಂತೆ, ಎಷ್ಟು ಕರೆದರೂ ಏಳದೆ ಜೋತುಬಿದ್ದಿತ್ತು.

"ಕೈ ಬದ್ಲಿ ಬಾಯಿ ಹೋಗಿದ್ರ ಚಲೋ ಇತ್ತು," ಎಂದು ಶಿದ್ರಾಯ ಹಾಸಿಗೆಯಲ್ಲಿ ಮಲಗಿಯೇ ಗೊಣಗಿದ. "ಅದರದೇನ ಉಪಯೋಗ ಐತಿ ನನಗ?"

"ಮದಿವಿ ಆದಾಗಿಂದ ನಾನೂ ಅದನ್ನ ಹೇಳಾಕತ್ತೀನಿ," ಎಂದಳು ಹೆಂಡತಿ ಯಮನವ್ವ. ಹಾಗೆಂದು ಆಚೆ ತಿರುಗಿ ಕಣ್ಣೊರೆಸಿಕೊಂಡಳು.

ಮನೆಗೆ ಕಳಿಸುವ ದಿನ ಕೈಕಾಲಿನ ವ್ಯಾಯಾಮ ಹೇಳಿಕೊಡುವ ರೂಪಾಲಿ ಎಂಬ ಡಾಕ್ಟರಬಾಯಿ ಬಂದರು. ಮಹಾರಾಷ್ಟ್ರದವರಾದರೂ ಗಡಿಯ ಜತ್ತ ಕಡೆಯವರೇ ಆದ್ದರಿಂದ ಕನ್ನಡ ನೀರು ಕುಡಿದಷ್ಟು ಸಲೀಸು.

"ಕಾಕಾ, ಮನಿಗಿ ಹೋಗಿ ಕೈ ಸುಮ್ಮ ಬಿಟ್ರ ಅದು ಕೆಲಸಾನ ಮರತಬಿಡತೈತಿ. ದಿನಾ ಮೊಬೈಲ್ ಮುಂದ ಕುಂದ್ರಿ, ಈ ಆ್ಯಪ್ ಹೇಳಿದಂಗ ಬೆರಳ ಆಡಸ್ರಿ. ಅದರ ಕ್ಯಾಮೆರಾ ನಿಮ್ಮ ಕೈ ನೋಡತೈತಿ, ಎಷ್ಟು ಸುಧಾರಸೇತಿ ಅಂತ ನನಗ ಇಲ್ಲೇ ತಿಳಿತೈತಿ. ನೋಡ್ರಿ, ಹಿಂಗ."

ಅವರು ಕೈ ಮೇಲೆತ್ತಿ ತೋರುಬೆರಳು ಮಡಚಿದರು. ಆಮೇಲೆ ನಡುಬೆರಳು. ಎರಡು ಬೆರಳು ಜೋಡಿಸಿದರು, ಮುಷ್ಟಿ ಕಟ್ಟಿದರು, ಅರ್ಧ ಬಿಚ್ಚಿದರು.

ಶಿದ್ರಾಯ ದಡಕ್ಕನೆ ಎದ್ದು ಕೂತ. ಈ ಹುಡುಗಿ ನಡು ವಾರ್ಡಿನಲ್ಲಿ ನಿಂತು, ಅಷ್ಟೂ ರೋಗಿಗಳ ಎದುರಿಗೆ, ಒಳ್ಳೇ ಟಗರಿನ ದರವನ್ನು ಡಂಗುರ ಸಾರುತ್ತಿದ್ದಾಳೆ! ಅದೂ ಏರಿಸಿ, ಇಳಿಸಿ, ಮತ್ತೆ ಏರಿಸಿ. ಪಕ್ಕದ ಹಾಸಿಗೆಯಲ್ಲಿ ಮಿರಜಿನ ಮಟನ್ ಅಂಗಡಿಯವನೊಬ್ಬ ಕಣ್ಣು ಪಿಳಿಪಿಳಿ ಬಿಡುತ್ತ ಎಲ್ಲ ನೋಡುತ್ತಿದ್ದ.

"ಮುಚ್ಚವ್ವಾ, ಮುಚ್ಚು!" ಎಂದು ಕೂಗಿದ ಶಿದ್ರಾಯ, ಎಡಗೈಯಿಂದ ಟಾವೆಲ್ ಸೆಳೆದು ಡಾಕ್ಟರಬಾಯಿಯ ಕೈ ಮೇಲೆ ಒಗೆದು, ಮೇಲಿಂದ ಗಟ್ಟಿಯಾಗಿ ಹಿಡಿದುಕೊಂಡ.

ನರ್ಸು ಚೀರಿದಳು. ವಾಚ್‌ಮನ್ ಓಡಿ ಬಂದ. ಮುದುಕನೊಬ್ಬ ಡಾಕ್ಟರಬಾಯಿಯ ಕೈ ಹಿಡಿದನಂತೆ ಎಂಬ ಸುದ್ದಿ ಕ್ಯಾಂಟೀನಿಗೆ ಹೋಗಿ ಚಹಾ ಕುಡಿದು ವಾಪಸು ಬಂತು.

"ತಪ್ಪ ತಿಳಕೋಬ್ಯಾಡ್ರಿ ಮ್ಯಾಡಮ್ಮಾರ," ಎಂದು ಯಮನವ್ವ ಕೈಮುಗಿದಳು. "ಇವರು ಹೆಣ್ಣಮಕ್ಕಳ ಕಡೆ ನೋಡವರಲ್ಲರಿ. ಕುರಿ ಬಿಟ್ರ ಇವರ ಕಣ್ಣಿಗಿ ಏನೂ ಬೀಳಂಗಿಲ್ಲ."

ಊರಿಗೆ ಬಂದ ಮೇಲೆ ಸೋನಾಲಿ ಅಪ್ಪನ ಮೊಬೈಲಿನಲ್ಲಿ ಆ್ಯಪ್ ಹಾಕಿದಳು. ಅದು ಮೊದಲಿಗೇ ಒಂದು ಪ್ರಶ್ನೆ ಕೇಳಿತು: ರೋಗಿಯ ಆರೈಕೆ ಮಾಡುವವರು ಯಾರು? ಸೋನಾಲಿ ತನ್ನ ಹೆಸರು, ನಂಬರು ಹಾಕಿದಳು, ಅವ್ವನ ಹೆಸರು ಹಾಕಿದಳು. ಅಲ್ಲಿಗೆ ಮುಗಿಯಬೇಕಿತ್ತು. ಆದರೆ ಯಮನವ್ವ ಬಗ್ಗಿ ನೋಡಿದಳು.

"ಬರೇ ನಮ್ಮ ಇಬ್ಬರ ಹೆಸರ ಹಾಕಿದ್ಯಾ? ಬೆಳುಂಕಿ ನಿಮ್ಮ ಮಾವಂದು?"

"ಅವ್ವಾ, ಇದೇನ ಲಗ್ನಪತ್ರಿಕೇನ?"

"ಲಗ್ನಪತ್ರಿಕ್ಯಾಗ ಹೆಸರ ಬಿಟ್ರ ಒಂದ ಲಗ್ನಕ್ಕ ಬರಂಗಿಲ್ಲ. ಜಡ್ಡಿನಾಗ ಹೆಸರ ಬಿಟ್ರ ಸಾಯೋತನಕ ಮಾತಾಡಂಗಿಲ್ಲ. ಹಾಕು. ಉಮದಿ ಅತ್ತಿದೂ ಹಾಕು. ಮಗ್ಗಲಮನಿ ಪೋಲೀಸ ಪಾಟೀಲಂದೂ ಹಾಕು, ಅವಂದ ಬಿಟ್ರ ನಾಳಿ ಯಾವ ದಾಖಲಾಕೂ ಸಹಿ ಮಾಡವಲ್ಲ."

ಹೀಗೆ ಶಿದ್ರಾಯನ ಒಂದು ಕೈಯ ಆರೈಕೆಗೆ ಬಂಧುಬಳಗವೆಲ್ಲ ಸೇರಿಕೊಂಡಿತು. ಕೆಳಗೆ "ತಮ್ಮ ಸುಖಾಗಮನ ಬಯಸುವ" ಎಂದು ಬರೆಯಲು ಜಾಗ ಇರಲಿಲ್ಲ, ಅದೊಂದೇ ಕೊರತೆ.

ಮರುದಿನ ಬೆಳಿಗ್ಗೆ ಮೊಬೈಲನ್ನು ತಂಬಿಗೆಗೆ ಆನಿಸಿ ಇಟ್ಟಳು ಸೋನಾಲಿ. ಶಿದ್ರಾಯ ಎದುರಿಗೆ ಕೂತ. ಮೊಬೈಲಿನಿಂದ ಒಬ್ಬ ಹೆಂಗಸು, ಪಠ್ಯಪುಸ್ತಕ ಓದುವಂತೆ, "ನಮಸ್ಕಾರ. ದಯವಿಟ್ಟು ನಿಮ್ಮ ಬಲಗೈಯನ್ನು ಪರದೆಯ ಮುಂದೆ ಇರಿಸಿ," ಎಂದಳು. ಶಿದ್ರಾಯ ಬಲಗೈಯನ್ನು ಎಡಗೈಯಿಂದ ಎತ್ತಿ ಮುಂದಿಟ್ಟು, ಅದರ ಮೇಲೆ ಟಾವೆಲ್ ಹೊದಿಸಿದ.

"ಕೈ ಕಾಣುತ್ತಿಲ್ಲ," ಎಂದಳು ಮೊಬೈಲಿನ ಬಾಯಿ.

"ಕಾಣಬಾರದು ಅಂತನ ಮುಚ್ಚೇನಿ," ಎಂದ ಶಿದ್ರಾಯ.

"ದಯವಿಟ್ಟು ಕೈಯ ಮೇಲಿನ ವಸ್ತುವನ್ನು ತೆಗೆಯಿರಿ."

"ತಗಿಯಂಗಿಲ್ಲ!"

"ಅಪ್ಪಾ, ಅದು ಮೆಷಿನ್ ಐತಿ, ಅದರ ಕೂಡ ಯಾಕ ಜಗಳಾಡ್ತಿ?" ಎಂದಳು ಸೋನಾಲಿ. "ಟಾವೆಲ್ ತಗಿ."

"ಯವ್ವಾ, ಆ ಶಿವಪ್ಪನ ಮಗನ ಬ್ಯಾಂಡಿನ ಕುಣತ ಯಾರೋ ಮೊಬೈಲಿನಾಗ ಹಿಡದಿದ್ರು. ಎಲ್ಲಿ ತನಕ ಹೋತು? ಸೋಲಾಪುರದಾಗ ಅವನ ಬೀಗರು ಅದನ್ನ ನೋಡಿ ಸಂಬಂಧ ಬಿಟ್ರು. ನಮ್ಮ ಅಪ್ಪ ಈ ಬೆರಳ ನಮ್ಮ ಅವ್ವಗೂ ತೋರಿಸಿಲ್ಲ. ನಾ ಸೋಲಾಪುರಕ್ಕ ತೋರಸ್ಲ್ಯಾ?"

ಇದು ಜಗಳಕ್ಕೆ ಸಾಕಾಗುವಷ್ಟು ಕಾರಣ. ಆದರೆ ಇದರ ಅಡಿಯಲ್ಲಿ ಇನ್ನೊಂದು ಇತ್ತು, ಅದನ್ನು ಅವನು ಮಗಳಿಗೆ ಹೇಳಲಿಲ್ಲ. ಅವನ ಅಪ್ಪ ಒಂದು ಮಾತು ಹೇಳುತ್ತಿದ್ದ: ಮುಚ್ಚಿದ ಕೈಗೆ ಬೆಲೆ, ತೆರೆದ ಕೈಗೆ ಭಿಕ್ಷೆ. ಟಾವೆಲ್ ಹೊದಿಸುವ ಮೊದಲು ಒಂದು ಗಳಿಗೆ ಮೊಬೈಲಿನ ಪರದೆಯಲ್ಲಿ ತನ್ನ ಕೈ ಅವನಿಗೇ ಕಂಡಿತ್ತು. ಅಂಗಾತ ಬಿದ್ದು, ಬೆರಳು ಅರ್ಧ ಮಡಚಿಕೊಂಡು, ಯಾರಾದರೂ ಏನಾದರೂ ಹಾಕಿ ಹೋಗಲಿ ಎನ್ನುವಂತಿತ್ತು. ಆ ಕೈಯನ್ನು ನೋಡಿ ಶಿದ್ರಾಯನಿಗೆ ಅಳು ಬಂದಿತ್ತು. ಅಂಥ ಕೈಯನ್ನು ಸತ್ತರೂ ಇನ್ನೊಬ್ಬರಿಗೆ ತೋರಿಸುವುದಿಲ್ಲ ಎಂದು ಅವನು ಅಲ್ಲೇ ಆಣೆ ಮಾಡಿಕೊಂಡ.

ಆಣೆ ಮಾಡಿದ ಎಂದು ವ್ಯಾಯಾಮ ಬಿಡಲಿಲ್ಲ. ಸೋನಾಲಿ ಬಸ್ಸು ಹಿಡಿದು ಜತ್ತದ ಕಾಲೇಜಿಗೆ ಹೋದ ಮೇಲೆ, ತಾನೇ ಮೊಬೈಲ್ ತಂಬಿಗೆಗೆ ಆನಿಸಿ, ಟಾವೆಲ್ ಹೊದಿಸಿ, ಅದು ಹೇಳಿದಂತೆಯೇ ಬೆರಳಿಗೆ ಅಪ್ಪಣೆ ಕೊಡುತ್ತಿದ್ದ. ಅದು "ಕೈ ಕಾಣುತ್ತಿಲ್ಲ" ಎನ್ನುವುದು, ಇವನು "ಗೊತ್ತೈತಿ, ಮುಂದ ಹೇಳು" ಎನ್ನುವುದು. ಆದರೆ ಮೊಬೈಲು ತನ್ನ ಧರ್ಮ ಬಿಡಲಿಲ್ಲ. ದಿನಾ ಸಂಜೆ ಎಲ್ಲ ಬಂಧುಗಳಿಗೂ ಒಂದು ಸಂದೇಶ ಕಳಿಸಿತು: "ಶಿದ್ರಾಯ ಅವರಲ್ಲಿ ಇಂದು ಯಾವುದೇ ಚಲನೆ ಕಂಡುಬಂದಿಲ್ಲ."

ಮೊದಲು ಓಡಿ ಬಂದವನು, ಊರಿನ ಸಾವುನೋವನ್ನು ಠಾಣೆಗೆ ತಿಳಿಸುವ ಪೋಲೀಸ ಪಾಟೀಲ ವಿಠೋಬ. ಕರಿ ಟೋಪಿ ಹಾಕಿ, ಇಬ್ಬರು ಸಾಕ್ಷಿದಾರರನ್ನು ಹಿಂದೆ ಕಟ್ಟಿಕೊಂಡು, ಮುಖ ಸಣ್ಣದು ಮಾಡಿಕೊಂಡು ಒಳಗೆ ಬಂದ. ಶಿದ್ರಾಯ ಎಡಗೈಯಲ್ಲಿ ಜೋಳದ ರೊಟ್ಟಿ ಮುರಿಯುತ್ತ ಕೂತಿದ್ದ.

"ಚಲನಾ ಇಲ್ಲ ಅಂತ ಸಂದೇಶ ಬಂದಿತ್ತು," ಎಂದ ವಿಠೋಬ, ಸ್ವಲ್ಪ ನಿರಾಸೆಯಿಂದಲೇ. "ಪಂಚನಾಮಿ ಮಾಡಬೇಕಾಗತೈತೇನೋ ಅಂತ ಬಂದೆ."

"ಕುಂದ್ರು, ರೊಟ್ಟಿ ಪಂಚನಾಮಿನರ ಮಾಡು," ಎಂದ ಶಿದ್ರಾಯ. ಸಾಕ್ಷಿದಾರರೂ ಕೂತರು. ಬಂದ ತಪ್ಪಿಗೆ ಮೂವರೂ ಉಂಡರು.

ಆಮೇಲೆ ಬಂದವು ಪಾರಿವಾಳಗಳು. ಲಕ್ವಾ ಹೊಡೆದ ಕೈಗೆ ಪಾರಿವಾಳದ ರಕ್ತ ತಿಕ್ಕಬೇಕು ಎಂಬುದು ಬಂಧುಗಳ ಒಮ್ಮತದ ತೀರ್ಮಾನ. ಉಮದಿಯ ಅತ್ತೆ ಬುಟ್ಟಿಯಲ್ಲಿ ತಂದಳು, ಬೆಳುಂಕಿಯವರು ಚೀಲದಲ್ಲಿ ತಂದರು. ಊರಿನ ಆಶಾ ಕಾರ್ಯಕರ್ತೆ ನಂದಾ ಬಂದು, "ರಕ್ತ ಗಿಕ್ತ ಹಚ್ಚಿದ್ರ ನೋಡ್ರಿ ಮತ್ತ! ಅಂತಾದ್ದರಿಂದ ಲಕ್ವಾ ಹೋಗಂಗಿಲ್ಲ, ಬ್ಯಾರೇ ಜಡ್ಡ ಬರತೈತಿ. ಗುಳಗಿ ತಗೋರಿ, ಬೆರಳ ಆಡಸ್ರಿ," ಎಂದು ಎಲ್ಲರಿಗೂ ಜಾಡಿಸಿದಳು. ಶಿದ್ರಾಯ ಎಡಗೈಯಿಂದ ಬುಟ್ಟಿಯ ಮುಚ್ಚಳ ತೆಗೆದ. ಬಿಟ್ಟರೂ ಪಾರಿವಾಳಗಳು ಹೋಗಲಿಲ್ಲ, ಮಾಡಿನ ಮೇಲೆ ಸಂಸಾರ ಹೂಡಿದವು.

"ನಿಮ್ಮ ಬಳಗದಾಗ ಚಲನೆ ಇರೋದು ಇವಕ್ಕಷ್ಟ," ಎಂದಳು ಯಮನವ್ವ.

ಒಂದು ಮಧ್ಯಾಹ್ನ ಅವಳು ಗಂಡನ ಎದುರು ಕುಕ್ಕರಗಾಲಲ್ಲಿ ಕೂತಳು. "ಒಬ್ಬರ ಕುಂತ ವ್ಯಾಪಾರ ಆಗತೈತೇನ್ರಿ? ಇನ್ನೊಂದ ಕೈ ಬೇಕಲ್ಲ?" ಎಂದು ತನ್ನ ಕೈಯನ್ನು ಟಾವೆಲ್ಲಿನೊಳಗೆ ತೂರಿಸಿದಳು.

ಶಿದ್ರಾಯ ಬಾಗಿಲ ಕಡೆ ನೋಡಿದ. ಹೆಣ್ಣು ಟಾವೆಲ್ಲಿನೊಳಗೆ ಕೈ ಹಾಕಿದ್ದು ಅವನ ವಂಶದಲ್ಲೇ ಇಲ್ಲ. ಆದರೆ ಇವನ ಕೈ ಹಿಡಿಯಲು ಬೇರೆ ಯಾವ ಗಿರಾಕಿ ತಾನೇ ಬರುತ್ತಿದ್ದ? ಅವನು ಒಂದೊಂದೇ ಬೆರಳಿನ ಅರ್ಥ ಪಿಸುಮಾತಿನಲ್ಲಿ ಹೇಳಿಕೊಟ್ಟ. ಅಂದಿನಿಂದ ದಿನಾ ವ್ಯಾಪಾರ ನಡೆಯಿತು. ಓಣಿಯ ಹೆಂಗಸರು ಮಾತ್ರ, ಈ ವಯಸ್ಸಿನಲ್ಲಿ ಗಂಡ ಹೆಂಡತಿ ಪಡಸಾಲೆಯಲ್ಲಿ ಕೂತು ಟಾವೆಲ್ಲಿನೊಳಗೆ ಕೈ ಕೈ ಹಿಡಿಯುತ್ತಾರೆ, ಲಕ್ವಾ ಕೈಗೆ ಹೊಡೆದದ್ದೋ ತಲೆಗೆ ಹೊಡೆದದ್ದೋ ಎಂದು ಸೆರಗು ಬಾಯಿಗೆ ಇಟ್ಟುಕೊಂಡರು.

ಬಹಳ ದಿನ ಟಾವೆಲ್ಲಿನ ಒಳಗೆ ಏನೂ ಆಗಲಿಲ್ಲ. ಆಮೇಲೆ ಒಂದು ದಿನ ಹೆಬ್ಬೆರಳು ಯಮನವ್ವನ ಅಂಗೈಯನ್ನು ಮುಟ್ಟಿತೋ ಇಲ್ಲವೋ ಎನ್ನುವಷ್ಟು ಮುಟ್ಟಿತು. ಆದರೆ ದಲಾಲನ ಹೆಂಡತಿ, ಮುಖದ ಮೇಲೆ ಏನೂ ತೋರಿಸಲಿಲ್ಲ.

"ಭಾಳ ಕಡಿಮಿ ಆತು," ಎಂದಳು. "ಏರಸ್ರಿ."

ಶಿದ್ರಾಯ ಏರಿಸುತ್ತ ಹೋದ. ತೋರುಬೆರಳು ಬಂತು, ನಡುಬೆರಳು ಬಂತು, ಕಿರುಬೆರಳು ಬಂತು. ಉಂಗುರ ಬೆರಳೊಂದು ಹಠ ಹಿಡಿದು ಬಿದ್ದುಕೊಂಡಿತ್ತು. ಈ ವಿಷಯ ಗಂಡ ಹೆಂಡಿರ ನಡುವೆಯೇ ಇತ್ತು, ಸೋನಾಲಿಗೂ ಗೊತ್ತಿರಲಿಲ್ಲ. ಟಾವೆಲ್ಲಿನೊಳಗಿನ ಮಾತು ಹೊರಗೆ ಹೇಳುವುದು ಪದ್ಧತಿಯಲ್ಲ. ಮೊಬೈಲು ಮಾತ್ರ ಸಂಜೆಯಾದರೆ ಸಾಕು, ಚಲನೆ ಕಂಡುಬಂದಿಲ್ಲ ಎಂದು ಊರೂರಿಗೆ ಸಾರುತ್ತಿತ್ತು.

ಈ ಸಂದೇಶವನ್ನು ಎಲ್ಲರಿಗಿಂತ ಶ್ರದ್ಧೆಯಿಂದ ಓದುತ್ತಿದ್ದವನು ಬೆಳುಂಕಿಯ ರಾಮಲಿಂಗ, ಯಮನವ್ವನ ತಮ್ಮ. ಶಿದ್ರಾಯ ಮಲಗಿದಂದಿನಿಂದ ಬೇವಿನ ಮರದ ಕೆಳಗಿನ ಕಲ್ಲಿನ ಮೇಲೆ "ಸದ್ಯಕ್ಕ" ಎಂದು ಕೂತವನು ಅವನೇ. ಕೂತ ಮೇಲೆ ಕಲ್ಲು ಬೆಚ್ಚಗಾಗಿತ್ತು. ದೀಪಾವಳಿಯ ದೊಡ್ಡ ಸಂತೆ ಹತ್ತಿರ ಬಂದಾಗ ಅವನು ದಲಾಲರ ಹಿರಿಯ ಲಗಮಣ್ಣನ ಕಿವಿಯಲ್ಲಿ ಊದಿದ. ಸಂತೆಗೆ ಹೋಗುವ ದಾರಿಯಲ್ಲೇ ಒಂದು ಬೆಳಿಗ್ಗೆ ಅವರ ಟೆಂಪೋ ಶಿದ್ರಾಯನ ಬಾಗಿಲಿಗೆ ಬಂದು ನಿಂತಿತು. ಅದರಲ್ಲಿ ಲಗಮಣ್ಣ, ರಾಮಲಿಂಗ, ನಾಲ್ಕಾರು ಬಂಧುಗಳು, ಜೊತೆಗೆ ರಾಮಲಿಂಗ ವರ್ಷದಿಂದ ಹಾಲು ಮೊಟ್ಟೆ ಹಾಕಿ ಸಾಕಿದ ಟಗರು. ಅದರ ಕೊಂಬಿಗೆ ಎಣ್ಣೆ ಹಚ್ಚಿ, ಕೊರಳಿಗೆ ಗೆಜ್ಜೆ ಕಟ್ಟಿದ್ದ. ವಾಸನೆ ಹಿಡಿದು ವಿಠೋಬನೂ ಟೋಪಿ ಹಾಕಿಕೊಂಡು ಬಂದ.

"ಶಿದ್ರಾಯಾ, ಕಲ್ಲಿಗಿ ಕಾಯಂ ಮನಷ್ಯಾ ಬೇಕಪಾ," ಎಂದ ಲಗಮಣ್ಣ, ಮುಖ ಬೇರೆ ಕಡೆ ಮಾಡಿ. ಒಳ್ಳೆಯ ಮನುಷ್ಯ, ಅವನಿಗೂ ಸಂಕಟವಾಗಿತ್ತು. "ನಿನ್ನ ಟಾವೆಲ ನಿನ್ನ ಕೈಯಾರೆ ರಾಮಲಿಂಗನ ಹೆಗಲ ಮ್ಯಾಲ ಹಾಕಿಬಿಡು. ಮರ್ಯಾದಿಲೆ ಮುಗೀತೈತಿ."

"ನನ್ನ ಕೈಗೇನಾಗೇತಿ?"

ರಾಮಲಿಂಗ ಮೊಬೈಲ್ ಮುಂದೆ ಹಿಡಿದ. "ನೋಡ್ರಿ ಮಾವಾ, ನಾ ಹೇಳೂದಲ್ಲ. ನಿನ್ನಿದು, ಮೊನ್ನಿದು, ಆಚಿ ಮೊನ್ನಿದು. ಚಲನೆ ಇಲ್ಲ, ಚಲನೆ ಇಲ್ಲ, ಚಲನೆ ಇಲ್ಲ. ಮನಷ್ಯಾ ಸುಳ್ಳ ಹೇಳ್ತಾನ, ಮೊಬೈಲ್ ಸುಳ್ಳ ಹೇಳತೈತೇನ್ರಿ?"

"ಸರಕಾರಿ ಕೆಲಸದಾಗೂ ಈಗ ಮೊಬೈಲ್ ಹೇಳಿದ್ದ ಖರೆ," ಎಂದು ವಿಠೋಬ ಒಗ್ಗರಣೆ ಹಾಕಿದ.

ಅಷ್ಟರಲ್ಲಿ ಆಶಾ ನಂದಾ ಬಾಗಿಲಿಗೆ ಬಂದಳು. ಹಿಂದೆ ರೂಪಾಲಿ ಡಾಕ್ಟರಬಾಯಿ. ಜತ್ತದಲ್ಲಿ ಅವರ ಶಿಬಿರವಿತ್ತು. "ಕಾಕಾ ದಿನಾ ತಪ್ಪದ ಆ್ಯಪ್ ತೆರೀತಾರ, ಒಂದ ದಿನಾನೂ ಕೈ ಮಾತ್ರ ಕಾಣಂಗಿಲ್ಲ. ಏನ ನಡದೈತಿ ನೋಡಬೇಕಂತ ಬಂದೆ," ಎಂದರು. ಕಳೆದ ಸಲದ ನೆನಪಿನಿಂದ ಕೈಗಳೆರಡನ್ನೂ ಬೆನ್ನ ಹಿಂದೆ ಕಟ್ಟಿಕೊಂಡೇ ನಿಂತರು.

ಶಿದ್ರಾಯ ಎಲ್ಲರನ್ನೂ ನೋಡಿದ. ತನ್ನ ಕೈಯ ವಿಷಯ ಲಗಮಣ್ಣನಿಗೆ ಗೊತ್ತು, ವಿಠೋಬನಿಗೆ ಗೊತ್ತು, ಮಾಡಿನ ಮೇಲಿನ ಪಾರಿವಾಳಗಳಿಗೂ ಗೊತ್ತು. ಕೈಯನ್ನೇ ಕೇಳಬೇಕು ಎಂದು ಮಾತ್ರ ಒಬ್ಬರಿಗೂ ಹೊಳೆದಿಲ್ಲ. ಅವನು ಗೋಡೆಗೆ ಒರಗಿ ನೆಟ್ಟಗೆ ಕೂತು, ಟಾವೆಲ್ ಕೊಡವಿದ.

"ರಾಮಲಿಂಗಾ, ಟಗರ ಮಾರಾಕ ಒಯ್ಯಾಕತ್ತೀಯೇನ?"

"ಹೌದ್ರಿ ಮಾವಾ."

"ನಾ ತಗೋತೇನಿ. ಕೈ ಕೊಡು."

ರಾಮಲಿಂಗ ನಕ್ಕ, ಯಾರೂ ನಗದ್ದನ್ನು ನೋಡಿ ನಗು ನಿಲ್ಲಿಸಿದ. "ಮಾವಾ, ಯಾಕ ಸುಮ್ಮ..."

"ಸಂತಿ ಕಾಯಿದೆ ನಿನಗ ನಾ ಕಲಸ್ಲ್ಯಾ? ಕೈ ಕೇಳಿದವಗ ಕೈ ಕೊಡಬೇಕು. ಕೊಡವಲ್ಲಿ ಅಂದ್ರ ಆ ಕಲ್ಲಿನ ಮ್ಯಾಲ ಯಾ ಮುಖ ಹೊತ್ತ ಕುಂದರ್ತಿ? ನನ್ನ ಕೈ ಮಾತಾಡಲಿಲ್ಲಂದ್ರ ಟಾವೆಲ ನಿಂದ, ಕಲ್ಲ ನಿಂದ. ಲಗಮಣ್ಣಾ, ನೀ ಸಾಕ್ಷಿ."

"ಕೊಡಪಾ," ಎಂದ ಲಗಮಣ್ಣ.

ರಾಮಲಿಂಗ ಕೈ ಒಳಗೆ ಹಾಕಿದ. ಮುಂದಿನದನ್ನು ಯಾರೂ ನೋಡಲಿಲ್ಲ, ಆದ್ದರಿಂದ ಎಲ್ಲರೂ ಇಂದಿಗೂ ಚೆನ್ನಾಗಿ ವರ್ಣಿಸುತ್ತಾರೆ. ಕಂಡದ್ದು ರಾಮಲಿಂಗನ ಮುಖ ಮಾತ್ರ. ಮೊದಲು ಅದರ ಮೇಲೆ ಕನಿಕರವಿತ್ತು. ಹಠಾತ್ತನೆ ಹುಬ್ಬು ಮೇಲೇರಿತು. ಸತ್ತ ಕೈ ಎಂದು ಹಿಡಿದದ್ದು ಹೆಬ್ಬೆರಳಿನಿಂದ ಅವನ ಅಂಗೈ ಒತ್ತಿ, ತೋರುಬೆರಳು ಹಿಡಿದು, ನಡುಬೆರಳು ಅಮುಕಿ ದರ ಹೇಳುತ್ತಿತ್ತು. ರಾಮಲಿಂಗನ ಬಾಯಿ ತೆರೆಯಿತು, ಮುಚ್ಚಲಿಲ್ಲ. ಆ ಗಾಬರಿಯಲ್ಲಿ, ಬಿದ್ದವನು ಸಿಕ್ಕದ್ದನ್ನು ಹಿಡಿಯುವ ಹಾಗೆ, ಅವನು ಶಿದ್ರಾಯನ ಕೈಯನ್ನು ಇಡಿಯಾಗಿ ಮುಷ್ಟಿಯಲ್ಲಿ ಹಿಡಿದುಕೊಂಡುಬಿಟ್ಟ.

ಸಂತೆಯಲ್ಲಿ ಇಡೀ ಕೈ ಮುಷ್ಟಿಯಲ್ಲಿ ಹಿಡಿದರೆ ವ್ಯಾಪಾರ ಮುಗಿಯಿತು ಎಂದರ್ಥ. ದೇವರು ಬಂದು ಹೇಳಿದರೂ ತಿರುಗಿಸಲು ಬರುವುದಿಲ್ಲ.

"ಆತು!" ಎಂದ ಶಿದ್ರಾಯ. "ಯವ್ವಾ ಸೋನಾಲಿ, ಟಗರ ಇಳಿಸಿ ಗೂಟಕ್ಕ ಕಟ್ಟು."

"ಇಲ್ಲ, ಇಲ್ಲ! ನಾ ಒಪ್ಪಿಲ್ಲ! ಅಂಜಿ ಹಿಡದೆ!" ಎಂದು ರಾಮಲಿಂಗ ಎದ್ದು ನಿಂತ. "ಅಷ್ಟಕ್ಕ ಟಗರ ಹೋಗಲಿ, ಟಗರಿನ ಕೊಂಬೂ ಬರಂಗಿಲ್ಲ! ಆ ಬೆರಳ... ಆ ಬೆರಳ..."

"ಎಷ್ಟಕ್ಕೋ?" ಎಂದು ಕೇಳಿದ ಲಗಮಣ್ಣ. "ಮೊದಲ ಇದನ್ನ ಹೇಳು. ಕೈ ಮಾತಾಡೇತೇನ?"

ರಾಮಲಿಂಗ ಒಮ್ಮೆ ಟಗರನ್ನು, ಒಮ್ಮೆ ಲಗಮಣ್ಣನನ್ನು ನೋಡಿದ. ಮಾತಾಡಿಲ್ಲ ಎಂದರೆ ದರವೇ ಇಲ್ಲ, ತಕರಾರು ಯಾತರದು? ಮಾತಾಡಿದೆ ಎಂದರೆ ಕಲ್ಲು ಹೋಯಿತು. ಹೀಗೆ ಅವನು ಒಂದೇ ಟಾವೆಲ್ಲಿನೊಳಗೆ ಟಗರನ್ನೂ ಕಲ್ಲನ್ನೂ ಕಳೆದುಕೊಂಡ. ಲಗಮಣ್ಣ ಟಾವೆಲ್ಲಿನ ಒಂದು ತುದಿ ಎತ್ತಿ, ಕಣ್ಣಿಗೆ ಒತ್ತಿಕೊಂಡು, ಶಿದ್ರಾಯನ ಹೆಗಲ ಮೇಲೆಯೇ ಹಾಕಿದ, ಇನ್ನೊಂದು ತುದಿ ಕೈಯನ್ನು ಮುಚ್ಚಿಯೇ ಇತ್ತು. ಯಮನವ್ವ ತಮ್ಮನಿಗೆ ಒಂದು ಪಾರಿವಾಳ ಹಿಡಿದು ಕೊಟ್ಟಳು. "ಒಯ್ಯಿ. ನಿನ್ನ ಮುಖಕ್ಕ ಲಕ್ವಾ ಹೊಡದಂಗ ಕಾಣತೈತಿ," ಎಂದಳು.

ಟೆಂಪೋ ಗೆಜ್ಜೆ ಸದ್ದಿಲ್ಲದೆ ಹೋಯಿತು. ಆಗ ಶಿದ್ರಾಯ ಹೆಂಡತಿಯ ಕಿವಿಯಲ್ಲಿ, "ನಾ ಅಷ್ಟ ಕಡಿಮಿ ಹೇಳಿರಲಿಲ್ಲ. ಉಂಗುರ ಬೆರಳ ಏಳಲಿಲ್ಲ," ಎಂದ. ಮಾತನ್ನು ಆಡಿ ತಿರುಗಿಸುವುದು ಸಂತೆಯ ಕಾಯಿದೆಯಲ್ಲ, ಆದ್ದರಿಂದ ಅವನೂ ಸುಮ್ಮನಾಗಿದ್ದ.

ರೂಪಾಲಿ ಡಾಕ್ಟರಬಾಯಿ ಮಾತ್ರ ಅದನ್ನು ಕೇಳಿಸಿಕೊಂಡಿದ್ದರು. ಎದುರಿಗೆ ಬಂದು ಕೂತು, "ಕಾಕಾ, ಅದಕ್ಕ ನಾ ಬಂದಿದ್ದು. ಆ ಬೆರಳ ಯಾಕ ಏಳವಲ್ದು, ಎಷ್ಟ ಏಳತೈತಿ ನಾ ನೋಡಬೇಕು. ನೀವು ಟಾವೆಲ ತಗಿಯಂಗಿಲ್ಲ, ಆ್ಯಪ್ ತಗಿ ಅನ್ನೂದ ಬಿಡಂಗಿಲ್ಲ," ಎಂದರು.

"ತಗಿಯಂಗಿಲ್ಲವ್ವಾ. ತಗಿಯೋದೇ ಇಲ್ಲ. ಬೇಕಾದವರು ಒಳಗ ಬರಬೇಕು."

ಡಾಕ್ಟರಬಾಯಿ ಶಿದ್ರಾಯನ ಮೊಬೈಲಿನಲ್ಲಿ ಆ್ಯಪ್ ತೆರೆದು, ಅದರ ಬ್ಯಾಟರಿ ಬೆಳಕು ಹಚ್ಚಿ, ಅದನ್ನು ಟಾವೆಲ್ಲಿನ ಒಳಗೆ ತೂರಿಸಿ ತಂಬಿಗೆಗೆ ಆನಿಸಿಟ್ಟರು. ಟಾವೆಲ್ ಒಳಗಿನಿಂದ ಬೆಳಗಿತು. ವಿಠೋಬ ಕತ್ತು ಚಾಚಿದ, ನಂದಾ ಅವನ ಟೋಪಿ ಹಿಡಿದು ಹಿಂದೆ ಎಳೆದಳು.

"ಧನ್ಯವಾದ. ಕೈ ಕಾಣುತ್ತಿದೆ," ಎಂದಳು ಒಳಗಿನ ಬಾಯಿ.

ಶಿದ್ರಾಯ ಹೆಬ್ಬೆರಳು ಆಡಿಸಿದ. "ಉತ್ತಮ," ಎಂದಳು. ತೋರುಬೆರಳು, ನಡುಬೆರಳು, ಕಿರುಬೆರಳು. "ಉತ್ತಮ. ಈಗ ಉಂಗುರ ಬೆರಳನ್ನು ಮೇಲೆತ್ತಿ."

ಅವನು ಹಲ್ಲು ಕಚ್ಚಿದ. ಹಣೆಯ ಮೇಲೆ ಬೆವರು ಬಂತು. ಟಾವೆಲ್ಲಿನ ಮೇಲೆ ಇರುವೆ ಹರಿದಷ್ಟು ಅಲುಗಾಟ ಕಂಡಿತು.

"ಚಲನೆ ಕಂಡುಬಂದಿದೆ," ಎಂದಳು ಬಾಯಿ. ಎಲ್ಲರ ಮೊಬೈಲುಗಳೂ ಒಟ್ಟಿಗೆ ಟಿಂಗ್ ಎಂದವು. ಉಮದಿಯ ದಾರಿಯಲ್ಲಿದ್ದ ಟೆಂಪೋದಲ್ಲಿಯೂ ಎಂದಿರಬೇಕು. "ಇನ್ನೂ ಸ್ವಲ್ಪ ಏರಿಸಿ."

ಶಿದ್ರಾಯ ತಲೆಯೆತ್ತಿ ಹೆಂಡತಿಯನ್ನು ನೋಡಿದ. "ನಿನ್ನಕಿಂತ ಬಿಗಿ ಅದಾಳ ಈಕಿ," ಎಂದ. ಆಮೇಲೆ ಟಾವೆಲ್ಲಿನ ಕಡೆ ಬಾಗಿ, ಉಮದಿ ಸಂತೆಯಲ್ಲಿ ಭಾರೀ ಗಿರಾಕಿಯ ಜೊತೆ ಆಡುವ ದನಿಯಲ್ಲಿ, ಖಡಾಖಂಡಿತವಾಗಿ ಹೇಳಿದ:

"ಇವತ್ತಿಗಿ ಇಷ್ಟ. ಉಳದದ್ದ ನಾಳಿ ಏರಸ್ತೇನಿ. ವ್ಯಾಪಾರ ಬಿಟ್ಟ ಹೋಗಬ್ಯಾಡ."